ಸುಶೀಲಾಳ ಇಟಲಿ ಡಿಸ್ಕೊ

ವಡೋದರಾದ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಗದಗಿನ ಸುಶೀಲಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇರದೆ ಏನು? ಗಂಡ ತೀರಿಕೊಂಡ ಮೇಲೆ ಆಕೆ ಏನು ಉಡಬೇಕು, ಎಲ್ಲಿ ಕೂರಬೇಕು, ಎಷ್ಟು ನಗಬೇಕು ಎಂದು ಹೇಳಲು ಎಲ್ಲರಿಗೂ ಬಾಯಿ ಬಂದಿತ್ತು. ಯಾವ ಹಾಡು ಕೇಳಬೇಕು ಎಂಬುದೊಂದು ಬಾಕಿಯಿತ್ತು. ೧೯೯೫ರಲ್ಲಿ ಅದೂ ಆಯಿತು.

ಆಕೆಯ ಬಳಿ ಇಟಾಲಿಯನ್ ಡಿಸ್ಕೊದ ಒಂದು ಕ್ಯಾಸೆಟ್ ಇತ್ತು, ಗಂಡ ತಂದುಕೊಟ್ಟದ್ದು. ಹತ್ತು ವರ್ಷದ ಹಳೆಯ ಸರಕು. ಆಮೇಲೆ ಎಷ್ಟೋ ಹಾಡುಗಳು ಬಂದು ಹೋದರೂ ಇದು ಮಾತ್ರ ಹಳಸಲಿಲ್ಲ. ಕೆಳಗೆ ಡ್ರಮ್ಮಿನ ಪೆಟ್ಟು ಒಂದೇ ಸಮನೆ ಕುಣಿ ಕುಣಿ ಅನ್ನುತ್ತದೆ. ಮೇಲೆ ಸಿಂಥಸೈಜರಿನ ರಾಗ, ಯಾರನ್ನೋ ರೈಲು ಹತ್ತಿಸಿ ಬಂದವರ ಹಾಗೆ ಅಳುತ್ತದೆ. ಅಳುವುದನ್ನೂ ಕುಣಿಯುವುದನ್ನೂ ಒಟ್ಟಿಗೇ ಮಾಡಬಹುದೆಂದು ಆಕೆಗೆ ಗೊತ್ತಾದದ್ದು ಅದರಿಂದಲೇ.

ಊರಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಕುಣಿತ ಕಲಿಸುವುದು ಪ್ರತಿವರ್ಷ ಸುಶೀಲಾಳ ಕೆಲಸ. ಮಕ್ಕಳಿಲ್ಲದ ಆಕೆಗೆ ಭಾನುವಾರದ ಆ ಗಲಾಟೆಯೇ ಜೀವ. ಗುಜರಾತಿಯಲ್ಲೇ ಜಗಳವಾಡುವ ಆ ಮಕ್ಕಳು ಸಂಘವೆಂದರೆ ಮುಖ ಸಿಂಡರಿಸುತ್ತಿದ್ದವು. ಈ ಸಲ ಆ ಕ್ಯಾಸೆಟ್ ಹಾಕಿದ್ದೇ ತಡ, ಕರೆಯದೆ ಬರತೊಡಗಿದವು.

ಅಧ್ಯಕ್ಷ ನಂಜುಂಡ ಬ್ಯಾಂಕ್ ಮ್ಯಾನೇಜರು, ಮೈಸೂರು ಕಡೆಯವರು. ಒಂದು ಭಾನುವಾರ ಬಂದವರೇ ಟೇಪ್ ನಿಲ್ಲಿಸಿದರು.

"ಇದು ನಮ್ಮ ಸಂಸ್ಕೃತಿ ಅಲ್ಲಮ್ಮ. ಅದೂ ನಿಮ್ಮ ಸ್ಥಿತೀಲಿರೋರು ಡಿಸ್ಕೊ ಹಾಕಿ ಕುಣಿಸಿದ್ರೆ ನೋಡೋರು ಏನಂದ್ಕೋತಾರೆ? ಇನ್ನು ಮಕ್ಕಳಿಗೆ ಕುಣಿತ ಕಲಿಸೋದನ್ನ ಬೇರೆಯವರಿಗೆ ಒಪ್ಪಿಸಿದೀನಿ."

ಸುಶೀಲಾಳ ಮೈಯೆಲ್ಲ ಉರಿಯಿತು. ಮಕ್ಕಳ ಮುಂದೆ ಜಗಳ ಬೇಡವೆಂದು ಕ್ಯಾಸೆಟ್ ತೆಗೆದುಕೊಂಡು ಹೊರಬಿದ್ದಳು.

ಅದರ ಮುಂದಿನ ವಾರ ನವರಾತ್ರಿ. ಸಂಘದ ಹೆಚ್ಚಿನವರಿದ್ದ ಹೌಸಿಂಗ್ ಸೊಸೈಟಿಯ ಮೈದಾನದಲ್ಲಿ ಡಿಸ್ಕೊ ದಾಂಡಿಯಾ, ಅಂದರೆ ಡಿಸ್ಕೊ ಪೆಟ್ಟಿಗೆ ಆಡುವ ಕೋಲಾಟ. ಅಲ್ಲಿನ ಆರ್ಕೆಸ್ಟ್ರಾದವರಿಗೆ ಯಾವ ರಾಗವೂ ಪರದೇಶದ್ದಲ್ಲ. ಕಿವಿಗೆ ಹಿಡಿಸಿದ್ದಕ್ಕೆ ಅಂಬಾಮಾತೆಯ ಹೆಸರು ಕೂಡಿಸಿದರೆ ಆಯಿತು. ವಿಧವೆಯರು ಕೂರುವ ಅಂಚಿನ ಕುರ್ಚಿಯಲ್ಲಿ ಸುಶೀಲಾ ಕೂತಿದ್ದಾಗ ಕೀಬೋರ್ಡಿನಿಂದ ಅವಳ ಹಾಡೇ ಎದ್ದು ಬಂತು. ಮಾತು ಗುಜರಾತಿ, ರಾಗ ಅದೇ, ಪೆಟ್ಟೂ ಅದೇ. ಮಕ್ಕಳು ಅವಳು ಕಲಿಸಿದ ಹೆಜ್ಜೆಯನ್ನೇ ಹಾಕಿದವು. ಅವರ ನಡುವೆ, ಕನ್ನಡಿ ಕೆಲಸದ ಅಂಗಿ ತೊಟ್ಟು, ಮೈಮರೆತು ಗಿರಗಿರ ತಿರುಗುತ್ತಿದ್ದವರು ನಂಜುಂಡ.

ಸುಶೀಲಾ ನೆಟ್ಟಗೆ ಹೋಗಿ ಎದುರು ನಿಂತಳು. "ಅಧ್ಯಕ್ಷರ, ಇದು ನೀವು ಬಂದ್ ಮಾಡಿಸಿದ ಹಾಡು."

"ಛೆ, ಇದು ದೇವಿ ಹಾಡಮ್ಮ."

"ಹಾಡು ಅದs ಅದ. ಮಕ್ಕಳ ಕಾಲು ನೋಡ್ರಿ, ತಿಳೀತದ. ನಿಮಗ ಬ್ಯಾಡಾಗಿದ್ದು ಹಾಡಲ್ಲ, ನಾನು. ಅಷ್ಟು ಬಾಯಿಬಿಟ್ಟು ಹೇಳ್ರಿ."

ನಂಜುಂಡ ಮಕ್ಕಳ ಕಾಲು ನೋಡಿದರು. ಸಾಲು ಬಿಟ್ಟು ಪಕ್ಕಕ್ಕೆ ಸರಿದರು. ಸುತ್ತ ಇದ್ದ ಸಂಘದವರೆಲ್ಲ ಬೇರೆ ಕಡೆ ತಿರುಗಿ ಕೋಲು ಹೊಡೆಯತೊಡಗಿದರು. ಎಂಥ ಜನ!

ಸುಶೀಲಾ ಅವರ ಕೈಯಿಂದ ಕೋಲು ಕಿತ್ತುಕೊಂಡು, ಅವರು ಬಿಟ್ಟ ಜಾಗಕ್ಕೆ ನುಗ್ಗಿದಳು. ಎದುರಿಗಿದ್ದ ಹುಡುಗಿ ಕೋಲು ಮುಂದೆ ಚಾಚಿದಳು. ಸುಶೀಲಾ ಗಟ್ಟಿಯಾಗಿ ಹೊಡೆದಳು.