ಅಣ್ಣನ ಜೊತೆ ನೋಡಿದ ಐದನೇ ಭಾಗ

ದುಬಾರೆಯ ಹತ್ತಿರದ ಒಂದು ಹೋಂಸ್ಟೇಯಲ್ಲಿ ನಾನು ಅಡುಗೆಮನೆ ನೋಡಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಅತಿಥಿಗಳಿಗೆ ಅಕ್ಕಿರೊಟ್ಟಿ ಮಾಡಿಸುತ್ತಿದ್ದಾಗ ಕೊಡ್ಲಿಪೇಟೆಯಿಂದ ಅಣ್ಣನ ಫೋನ್ ಬಂತು.

“ನಮ್ ಸಿನಿಮಾ ಮತ್ತೆ ಬಂದೈತೆ ಕಣೆ! ಅವಳೇ ಮಾಡವ್ಳೆ. ಭಾನುವಾರ ಮೈಸೂರಿಗೆ ಹೋಗಣ, ರೆಡಿಯಾಗಿರು.”

ನಮ್ಮ ಸಿನಿಮಾ ಎಂದರೆ, ಬೇರೆ ಗ್ರಹದಿಂದ ಮನುಷ್ಯರ ಮುಖ ಹೊತ್ತು ಬರುವವರನ್ನು ಒಬ್ಬ ಸೈನಿಕ ಹೆಂಗಸು ಬೇಟೆಯಾಡುವ ಇಂಗ್ಲಿಷ್ ಸಿನಿಮಾ. ಅದರ ಮೊದಲ ಭಾಗಗಳು ಬಂದಾಗ ನಾನು ಹೈಸ್ಕೂಲು. ಅಣ್ಣ ಆಗಲೇ ಅಪ್ಪನ ಶುಂಠಿ ಅಂಗಡಿಯಲ್ಲಿ ಕೂರುತ್ತಿದ್ದ. ಬೈಕಿನಲ್ಲಿ ನನ್ನನ್ನು ಸೋಮವಾರಪೇಟೆಯ ಟಾಕೀಸಿಗೆ ಕರೆದುಕೊಂಡು ಹೋಗಿ, ಯಾವಾಗಲೂ ನನ್ನ ಎಡಕ್ಕೆ ಕೂತು, ತನಗೆ ಅರ್ಧಂಬರ್ಧ ತಿಳಿದ ಇಂಗ್ಲಿಷನ್ನು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಅವಳು ಮೇಲಧಿಕಾರಿಯ ಮಾತು ಮೀರಿ ಬಂದೂಕು ಎತ್ತಿಕೊಂಡರೆ ಸಾಕು, ಶಿಳ್ಳೆ ಹೊಡೆದು, “ಹೆಂಗ್ಸು ಅಂದ್ರೆ ಹಿಂಗಿರ್ಬೇಕು” ಅನ್ನುತ್ತಿದ್ದ. ನನಗೆ ಅಣ್ಣನಂಥ ಅಣ್ಣ ಊರಲ್ಲಿ ಯಾರಿಗೂ ಇಲ್ಲ ಅನಿಸುತ್ತಿತ್ತು.

ನಾಲ್ಕನೇ ಭಾಗ ಬರುವ ಹೊತ್ತಿಗೆ ನನಗೆ ಅರಕಲಗೂಡಿನ ಕಡೆಗೆ ಮದುವೆಯಾಗಿತ್ತು. ಮೊದಲ ದೀಪಾವಳಿಗೆ ತವರಿಗೆ ಬಂದಾಗ ಅದನ್ನೂ ಒಟ್ಟಿಗೆ ನೋಡಿದೆವು. ಕೊನೆಯಲ್ಲಿ ಅವಳು ಉರಿಯುವ ಅಂತರಿಕ್ಷ ಹಡಗಿನೊಳಗೆ ಸಾಯುತ್ತಾಳೆ. ಅಣ್ಣ ಆ ರಾತ್ರಿ ಊಟ ಮಾಡಲಿಲ್ಲ. “ಅವಳನ್ನ ಸಾಯ್ಸೋಕೆ ಇವರಿಗೆ ಹೆಂಗ್ ಮನಸ್ ಬಂತು?” ಎಂದು ಅಮ್ಮನ ಮುಂದೆಯೂ ಗೊಣಗಿದ. ಅಲ್ಲಿಗೆ ಆ ಸಿನಿಮಾಗಳು ನಿಂತುಹೋದವು.

ಮರುವರ್ಷದ ಯುಗಾದಿಗೆ ಮೊದಲು ನಾನು ಒಂದು ಬ್ಯಾಗು ಹಿಡಿದು ಬಸ್ಸಿನಲ್ಲಿ ತವರಿಗೆ ಬಂದೆ. ಗಂಡ ಹೊಡೆದ ಪೆಟ್ಟಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಅಮ್ಮ ನನ್ನ ಕಿವಿಗೆ ಹತ್ತಿಯಿಟ್ಟಳು. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡ.

“ಇವತ್ತೊಂದಿನ ಇರು. ನಾಳೆ ನಾನೇ ಬಿಟ್ಟು ಬರ್ತೀನಿ. ನೀನು ಇಲ್ಲೇ ಉಳಿದು, ಅಂಗಡಿ ಮುಂದೆ ನಿಂತು ಜನ ಕೇಳಿದ್ರೆ ಏನ್ ಹೇಳ್ಲಿ?”

ಮಾರನೇ ದಿನ ಜೀಪಿನಲ್ಲಿ ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ. ನನ್ನ ಗಂಡ ಬಾಗಿಲಿಗೆ ಬಂದ. ಅಣ್ಣ ಅವನ ಕೈ ಕುಲುಕಿ, ಒಳಗೆ ಕೂತು ಕಾಫಿ ಕುಡಿದು, ಶುಂಠಿಯ ರೇಟು ಮಾತಾಡಿ ಹೊರಟುಹೋದ. ಆ ಮನೆಯಲ್ಲಿ ಮತ್ತೆಷ್ಟೋ ವರ್ಷ ಬಾಳಿದೆ. ಕೊನೆಗೆ ಗಂಡ ಇನ್ನೊಬ್ಬಳನ್ನು ಕರೆತಂದು ಅವನೇ ನನ್ನನ್ನು ಹೊರಗೆ ಹಾಕಿದ. ಆಗ ನಾನು ತವರಿಗೆ ಹೋಗಲಿಲ್ಲ. ಅಮ್ಮ ತೀರಿಕೊಂಡಾಗ ಹೋದೆ. ಆಮೇಲೆ ಅಣ್ಣನೂ ನಾನೂ ಹಬ್ಬಕ್ಕೊಂದು ಫೋನು ಎಂಬಷ್ಟಕ್ಕೆ ಬಂದಿದ್ದೆವು.

ಭಾನುವಾರ ಹೋದೆ. ಅಣ್ಣನಿಗಾಗಿ ಅಲ್ಲ, ಅವಳನ್ನು ನೋಡಬೇಕೆಂಬ ಆಸೆಗೆ. ಸಿನಿಮಾ ಈ ಸಲ ಕನ್ನಡಕ್ಕೇ ಡಬ್ ಆಗಿತ್ತು. ಆದರೂ ಅಣ್ಣ ಹಳೆಯ ರೂಢಿಯಂತೆ ನನ್ನ ಎಡಕ್ಕೆ ಕೂತು ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಆ ಕಿವಿಗೆ ಒಂದೂ ಕೇಳಿಸಲಿಲ್ಲ. ಕೇಳಿಸಿತು ಎಂಬಂತೆ ನಾನು ತಲೆಯನ್ನೂ ಆಡಿಸಲಿಲ್ಲ.

ಶುರುವಿನಲ್ಲೇ ಹಡಗು ಉರಿದದ್ದೆಲ್ಲ ಶತ್ರುಗಳು ಹುಟ್ಟಿಸಿದ ಸುಳ್ಳು ನೆನಪು, ಅವಳು ಸತ್ತೇ ಇರಲಿಲ್ಲ ಎಂದು ತೋರಿಸಿದರು. ಬೆಳ್ಳಿಕೂದಲಿನ ಅವಳು ಕತ್ತಲಿನಿಂದ ಎದ್ದು ಬಂದಾಗ ಥಿಯೇಟರಿಗೆ ಥಿಯೇಟರೇ ಕೂಗಿತು. ಅಣ್ಣ ಎದ್ದುನಿಂತು ಚಪ್ಪಾಳೆ ತಟ್ಟಿದ. ನನಗೂ ಅಳು ಬಂತು. ಸಿನಿಮಾ ಚೆನ್ನಾಗಿಯೇ ಇತ್ತು. ಅದನ್ನು ಇವನ ಪಕ್ಕ ಕೂತು ನೋಡಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ವಾಪಸು ಬರುವಾಗ ಬೈಲಕುಪ್ಪೆಯ ಹತ್ತಿರ ಟೀ ಕುಡಿಯಲು ಕಾರು ನಿಲ್ಲಿಸಿದ.

“ಎಷ್ಟ್ ಚೆನ್ನಾಗ್ ಮಾಡವ್ರೆ ನೋಡು. ಆ ನಾಲ್ಕನೇದು ನಡೆದೇ ಇಲ್ಲ ಅಂತ ಬಿಟ್ಬಿಟ್ರು. ನಾವೂ ಹಳೇದೆಲ್ಲ ಬಿಟ್ಬಿಡಣ. ಮಗಳ ನಿಶ್ಚಿತಾರ್ಥ ಬರ್ತೈತೆ. ಸೋದರತ್ತೆ ನೀನು, ಮುಂದೆ ನಿಂತ್ಕೋಬೇಕು.”

“ಹಳೇದು ಅಂದ್ರೆ ಯಾವ್ದು ಅಣ್ಣ?”

“ಅದೇ, ನೀನು ಸುಮ್ಸುಮ್ನೆ ಮುನಿಸ್ಕೊಂಡು ಮನೆ ಕಡೆ ಬರ್ದೇ ಇದ್ದಿದ್ದು.”

“ನಾನು ಹೋಗಲ್ಲ ಅಂದ್ರೂ ಜೀಪಲ್ಲಿ ಕೂರಿಸ್ಕೊಂಡ್ ಹೋಗಿ ಬಿಟ್ಟು ಬಂದ್ಯಲ್ಲ, ಅದು?”

ಅಣ್ಣ ಲೋಟ ಕೆಳಗಿಟ್ಟ. “ಏನ್ ಮಾತು ಅಂತ ಆಡ್ತೀಯೆ? ನಾನು ಇರು ಅಂದೆ. ನೀನೇ ಅಲ್ವಾ ಬೆಳಿಗ್ಗೆ ಎದ್ದು ‘ಬಿಟ್ಟು ಬಾ ಅಣ್ಣ’ ಅಂದಿದ್ದು? ಅಮ್ಮ ಇದ್ದಿದ್ರೆ ಹೇಳೋಳು.”

ಅಣ್ಣ ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಾನೆ. ಆಗ ಉಜ್ಜಿಕೊಳ್ಳಲಿಲ್ಲ. ನಿಜವಾಗಿಯೂ ಹಾಗೇ ನಡೆಯಿತೆಂದು ಅವನು ನಂಬಿದ್ದ. ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ನನ್ನನ್ನು ದುಬಾರೆಗೆ ಬಿಡುವ ತನಕ ಅವನು ಸಿನಿಮಾದ ಬಗ್ಗೆಯೇ ಮಾತಾಡಿದ.

ನಿಶ್ಚಿತಾರ್ಥಕ್ಕೆ ಹೋಗಲಿಲ್ಲ. ಅವನ ಮಗಳು ಫೋನ್ ಮಾಡಿ, “ಯಾಕತ್ತೆ ಬರ್ಲಿಲ್ಲ?” ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಪ್ಪ ಬೇರೆ ಥರ ಹೇಳಿದ್ರು” ಎಂದಳು.

“ಹೇಳ್ತಾನೆ.”

ಯಾರ ಮಾತು ನಂಬಿದಳೋ ತಿಳಿಯದು. ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ಮದುವೆಯ ದಿನ ಹೋಂಸ್ಟೇ ತುಂಬ ಜನ, ಬೆಳಿಗ್ಗೆಯಿಂದ ಒಲೆಯ ಮುಂದೆಯೇ ಇದ್ದೆ. ಬಾ ಎಂದು ಇನ್ನೊಂದು ಸಲ ಯಾರೂ ಕರೆಯಲಿಲ್ಲ.