ಒಂದೇ ಕಣ್ಣಿನ ನಕ್ಷೆಗಳು

ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಹೆಸರಿಗಷ್ಟೇ ಕಣ್ಣು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಒಳಗೆ ಬರೀ ಮಂಜು. 'ಯಾರ ಮುಂದೂ ಬಾಯಿ ಬಿಡಬ್ಯಾಡ' ಎಂದು ಅವ್ವ ಸಣ್ಣಂದಿನಿಂದ ಹೇಳುತ್ತ ಬಂದಿದ್ದಳು. ಅವಳಿಗೆ ನನ್ನ ಮದುವೆಯ ಚಿಂತೆ. ನಾನು ಆ ಮಾತನ್ನು ನೌಕರಿಗೂ ಹಚ್ಚಿಕೊಂಡೆ. ಅದೂ ಎಂಥ ನೌಕರಿ ಅಂತೀರಿ, ಎರಡು ಕಣ್ಣಿಲ್ಲದೆ ಮಾಡಲಾಗದ್ದು!

ಎರಡು ಸಾವಿರನೇ ಇಸವಿಯ ಆಸುಪಾಸು. ನಮ್ಮೂರ ಹಿಂದವಾಡಿ ಬಡಾವಣೆಯ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಖಾನಾಪುರ ತಾಲೂಕಿನ ಹಳ್ಳಗಳನ್ನು ನಕ್ಷೆಗೆ ಇಳಿಸಿ, ಎಲ್ಲೆಲ್ಲಿ ಸಣ್ಣ ಬಾಂದಾರ ಕಟ್ಟಿ ನೀರು ನಿಲ್ಲಿಸಬಹುದು ಎಂದು ಗುರುತು ಮಾಡಿ ಕೊಡುವುದು ಕೆಲಸ. ಉಪಗ್ರಹದ ಚಿತ್ರಗಳು ಬರುತ್ತಿದ್ದವು. ಅವುಗಳಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ಕಾಡು ಯಾವುದು, ಗದ್ದೆ ಯಾವುದು ಎಂದು ಆ ಕೆಂಪು ನೋಡಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಅದಕ್ಕೆ ಒಂದು ಕಣ್ಣು ಸಾಕು.

ತೊಂದರೆ ಇದ್ದದ್ದು ವಿಮಾನದಿಂದ ತೆಗೆದ ಕಪ್ಪು ಬಿಳುಪು ಫೋಟೊಗಳದ್ದು. ಒಂದೇ ಜಾಗದ ಎರಡು ಫೋಟೊ, ತುಸು ಬೇರೆ ಬೇರೆ ಕಡೆಯಿಂದ ತೆಗೆದವು. ಅವನ್ನು ಅಕ್ಕಪಕ್ಕ ಇಟ್ಟು, ಸ್ಟೀರಿಯೊಸ್ಕೋಪ್ ಎಂಬ ಜೋಡಿ ಕನ್ನಡಕದಂಥ ಯಂತ್ರದಲ್ಲಿ ಎಡಗಣ್ಣಿಗೆ ಎಡದ್ದು, ಬಲಗಣ್ಣಿಗೆ ಬಲದ್ದು ಕಾಣುವಂತೆ ನೋಡಿದರೆ ಗುಡ್ಡ ಮೇಲೆದ್ದು ನಿಲ್ಲುತ್ತದಂತೆ, ಹಳ್ಳ ಕೆಳಗೆ ಇಳಿಯುತ್ತದಂತೆ. ಅಂತೆ ಎಂದೇ ಹೇಳಬೇಕು, ನನಗೆ ಒಂದು ದಿನವೂ ಏನೂ ಎದ್ದು ನಿಲ್ಲಲಿಲ್ಲ. ಬಾಜೂಕ ಕುಳಿತ ಹುಡುಗಿ ಮೊದಲ ದಿನ 'ಅಯ್ಯ, ಗುಡ್ಡ ಮೂಗಿಗೇ ಹತ್ತತೈತಲ್ರಿ!' ಎಂದು ಕೂಗಿದಾಗ ನಾನೂ 'ಹೌದಲ್ರಿ' ಎಂದೆ. ಸುಳ್ಳು ಅಲ್ಲಿಂದ ಶುರುವಾಯಿತು.

ಆ ಸುಳ್ಳು ಉಳಿಸಿಕೊಳ್ಳಲು ನಾನು ಕಾಲು ಸವೆಸಿದೆ. ಫೋಟೊಗಳನ್ನು ಹೊರಗೆ ಒಯ್ಯುವಂತಿರಲಿಲ್ಲ, ಸಾಹೇಬರ ಕಪಾಟಿನಲ್ಲಿ ಕೀಲಿ ಹಾಕಿ ಇಡುತ್ತಿದ್ದರು. ನೋಡಿದ್ದನ್ನು ತಲೆಯಲ್ಲಿ ಇಟ್ಟುಕೊಂಡು, ರವಿವಾರ ಬಂತೆಂದರೆ ಪ್ಯಾಸೆಂಜರ್ ರೈಲು ಹತ್ತುತ್ತಿದ್ದೆ. ದೇಸೂರ ದಾಟಿ ಖಾನಾಪುರದಲ್ಲಿ ಇಳಿದು, ಸಿಕ್ಕ ಟೆಂಪೊ ಹಿಡಿದು, ಉಳಿದದ್ದು ನಡಿಗೆ. ಎತ್ತರ ಯಾವುದು, ತಗ್ಗು ಯಾವುದು ಎಂದು ಕಾಲಿನಿಂದಲೇ ತಿಳಿದುಕೊಂಡು ಬಂದು ಸೋಮವಾರ ಗೆರೆ ಎಳೆಯುತ್ತಿದ್ದೆ. ಒಮ್ಮೆ ಎಮ್ಮೆ ಮೇಯಿಸುತ್ತಿದ್ದ ಗೌಳಿ ಮುದುಕನೊಬ್ಬನನ್ನು ನೀರು ಯಾವ ಕಡೆ ಹರಿಯುತ್ತದೆ ಎಂದು ಮರಾಠಿಯಲ್ಲಿ ಕೇಳಿದೆ. ಆತ ಕನ್ನಡದಲ್ಲೇ, 'ನನ್ನೇನ ಕೇಳ್ತೀರಿ ಅಕ್ಕಾರ, ಎಮ್ಮಿ ಬೆನ್ನ ಹತ್ತಿ ಹೋಗ್ರಿ, ಅದ ತೋರಸ್ತೈತಿ' ಎಂದ. ಹೋದೆ. ಹಳ್ಳ ಸಿಕ್ಕಿತು.

ನನ್ನ ಪಾಲಿಗೆ ಬಂದ ಹನ್ನೊಂದು ನಕ್ಷೆ ಹಾಳೆಗಳಲ್ಲಿ ಹತ್ತನ್ನು ಹೀಗೆ ನಡೆದೇ ಮುಗಿಸಿದೆ. ಒಂಬತ್ತನೆಯದಕ್ಕೆ ಮಾತ್ರ ಹೋಗಲಾಗಲಿಲ್ಲ. ಮಳೆಗಾಲ, ಹೊಳೆ ತುಂಬಿತ್ತು, ಆಚೆ ದಡಕ್ಕೆ ದಾಟಿಸುವವರಿರಲಿಲ್ಲ. ಫೋಟೊದಲ್ಲಿ ನೆರಳು ಬಿದ್ದ ಕಡೆ ನೋಡಿ ಅಂದಾಜಿನ ಮೇಲೆ ಗೆರೆ ಎಳೆದು, ಕಣ್ಣು ಮುಚ್ಚಿ ಕಟ್ಟಿನೊಳಗೆ ಸೇರಿಸಿಬಿಟ್ಟೆ.

ನಕ್ಷೆಗಳು ಆಫೀಸಿನಿಂದ ಹೊರಡುವ ಹಿಂದಿನ ದಿನ ಸಾಹೇಬರು ಹೊರಗಿನ ಕೋಣೆಗೆ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ, ಮಾತು ಕಡಿಮೆ ಇದ್ದ ಮನುಷ್ಯ. ಎರಡು ಫೋಟೊ ತಾವೇ ಜೋಡಿಸಿ, ಯಂತ್ರ ಇಟ್ಟು, 'ನಡುವ ಗಿಡದ ಸಾಲು ಐತಲ್ಲ, ಅದು ಹಳ್ಳೋ ದಿನ್ನಿಯೋ ಹೇಳ್ರಿ' ಎಂದರು. ನಮ್ಮ ಜೊತೆ ಕೆಲಸಕ್ಕಿದ್ದ ಹುಡುಗ ಮೊದಲು ನೋಡಿ ದಿನ್ನಿ ಎಂದ. ಬಾಜೂಕಿನ ಹುಡುಗಿ 'ದಿನ್ನೀನರಿ, ಎದ್ದ ಕಾಣಾಕ ಹತ್ತೇತಿ' ಎಂದಳು. ನನ್ನ ಸರದಿ ಬಂತು. ಬಗ್ಗಿ ನೋಡಿದೆ. ಎಂದಿನಂತೆ ಎಲ್ಲ ಚಪ್ಪಟೆ. ಆದರೆ ಗಿಡಸಾಲಿನ ಆ ಡೊಂಕು ನನಗೆ ಗೊತ್ತಿತ್ತು, ಎಮ್ಮೆಯ ಹಿಂದೆ ನಡೆದ ಜಾಗ ಅದು. ಎದೆ ಹಗುರಾಯಿತು. 'ಹಳ್ಳ' ಎಂದೆ, ತುಸು ಜಂಬದಿಂದಲೇ.

'ನೀವು ಹೇಳಿದ್ದ ಖರೇ' ಎಂದರು ಸಾಹೇಬರು. ಉಳಿದ ಇಬ್ಬರೂ ನನ್ನ ಮುಖ ನೋಡಿದರು. 'ಒಳಗ ಬರ್ರಿ.'

ಶಾಬಾಸ್ ಅನ್ನಲು ಕರೆದರು ಎಂದುಕೊಂಡು ಹೋದೆ. ಅವರು ಬಾಗಿಲು ಮುಂದೆ ಮಾಡಿದರು.

'ಫೋಟೊ ನಾನ ಅದಲುಬದಲು ಇಟ್ಟಿದ್ದೆ. ಎಡದ್ದು ಬಲಕ್ಕ, ಬಲದ್ದು ಎಡಕ್ಕ. ಹಂಗ ಇಟ್ರ ಎರಡೂ ಕಣ್ಣಿದ್ದವರಿಗೆ ಹಳ್ಳ ದಿನ್ನಿ ಆಗಿ ಕಾಣಬೇಕು. ಅವರಿಬ್ಬರಿಗೂ ಕಂಡೈತಿ. ನಿಮಗ್ಯಾಕ ಕಾಣಲಿಲ್ಲ?'

ಅವರು ಯಂತ್ರದ ಗಾಜು ಸರಿಸುವ ಹಾಗೆ ಬೆರಳು ಆಡಿಸಿ ತೋರಿಸಿದರು.

'ಮಂದಿ ತಮ್ಮ ಕಣ್ಣಿಗೆ ಹೊಂದೂ ಹಂಗ ಆ ಗಾಜು ಹಿಂದ ಮುಂದ ಸರಿಸ್ತಾರ. ನೀವು ಮುಟ್ಟೂದ ಇಲ್ಲ. ಒಂದ ವಾರದಿಂದ ನೋಡಾಕ ಹತ್ತೇನಿ.'

'ಎಡಗಣ್ಣು ಕಾಣೂದಿಲ್ಲ ಸರ್' ಎಂದೆ. ಮನೆಯ ಹೊರಗೆ ಆ ಮಾತು ಆಡಿದ್ದು ಅದೇ ಮೊದಲು.

'ಮತ್ತ ಇಷ್ಟು ಹಾಳಿ ಹ್ಯಾಂಗ ಮಾಡಿದ್ರಿ?'

'ನಡದ ಹೋಗಿ ನೋಡೇನ್ರಿ.'

ಅವರು ನಕ್ಷೆಗಳ ಕಟ್ಟಿನ ಮೇಲೆ ಕೈಯಿಟ್ಟು ಕೇಳಿದರು: 'ಇದರಾಗ ನೀವು ನಡದ ನೋಡಲಾರದ್ದು ಯಾವದೈತಿ?'

ಯಾವುದೂ ಇಲ್ಲ ಅನ್ನಬಹುದಿತ್ತು. ಅವರು ನಂಬುತ್ತಿದ್ದರೇನೋ. ನಡೆದು ನೋಡಿದವಳು ಎಂಬ ಮರ್ಯಾದೆ ಉಳಿಯುತ್ತಿತ್ತು, ಅದರ ಜೊತೆಗೆ ನೌಕರಿಯೂ ಉಳಿಯುತ್ತಿತ್ತೇನೋ. ಆದರೆ ಬೆಳಗಾದರೆ ಆ ಹಾಳೆ ಹೊರಡುತ್ತದೆ, ಯಾರೋ ನನ್ನ ಗೆರೆ ನಂಬಿ ಕಲ್ಲು ಹೇರಿಕೊಂಡು ಹೋಗುತ್ತಾರೆ. 'ಒಂಬತ್ತು' ಎಂದೆ.

ಸಾಹೇಬರು ಒಂಬತ್ತನೇ ಹಾಳೆ ಬಿಚ್ಚಿ, ಅದರ ಫೋಟೊಗಳನ್ನು ಈ ಸಲ ಸರಿಯಾಗಿ ಜೋಡಿಸಿ, ತಮ್ಮ ಮೇಜಿನ ಮೇಲಿದ್ದ ಇನ್ನೊಂದು ಯಂತ್ರಕ್ಕೆ ಬಗ್ಗಿದರು. ನಾನು ಅವರ ಬೆನ್ನು ನೋಡುತ್ತ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರು ರಬ್ಬರ್ ತೆಗೆದುಕೊಂಡರು. ನನ್ನ ಹಳ್ಳ ಗುಡ್ಡದ ನೆತ್ತಿಯ ಮೇಲೆ ಹರಿದಿತ್ತು, ಅದರ ಮೇಲೊಂದು ಬಾಂದಾರವನ್ನೂ ಗುರುತು ಮಾಡಿದ್ದೆ.

'ಉಳಿದ ಹತ್ತೂ ಇವತ್ತ ನಾನ ನೋಡತೇನಿ' ಎಂದರು. 'ನಿನ್ನ ಕರಾರು ಈ ತಿಂಗಳಿಗೆ ಮುಗೀತೈತಿ. ಮುಂದ ನನ್ನ ಕಡೆ ಆಗೂದಿಲ್ಲವ್ವ. ಕಣ್ಣಿನ ಸಲುವಾಗಿ ಅಲ್ಲ. ನೀ ಹೇಳಬೇಕಾಗಿತ್ತು.'

ಸಿಟ್ಟು ಬಂತು. ಅವರ ಮೇಲೆ, ಅವ್ವನ ಮೇಲೆ, ಸತ್ತಂತೆ ಬಿದ್ದಿದ್ದ ಆ ಕಣ್ಣಿನ ಮೇಲೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಹೊರಗೆ ಬಂದರೆ ಇಬ್ಬರೂ ಕಾಯುತ್ತಿದ್ದರು. 'ನಮ್ಮಿಬ್ಬರನ್ನೂ ಸೋಲಿಸಿದ್ರಿ, ಕುಂದಾ ತರಸ್ರಿ, ಬಾಯಿ ಸಿಹಿ ಮಾಡ್ರಿ!' ಎಂದಳು ಹುಡುಗಿ.

'ನನಗ ಎಡಗಣ್ಣು ಕಾಣೂದಿಲ್ಲ. ಅದಕ್ಕ ಗೆದ್ದೆ' ಎಂದೆ.

'ಚ್ಯಾಷ್ಟಿ ಮಾಡಬ್ಯಾಡ್ರಿ' ಎಂದು ಅವಳು ನಕ್ಕಳು. ನಾನು ಅಂಗೈಯಿಂದ ಬಲಗಣ್ಣು ಒತ್ತಿ ಮುಚ್ಚಿಕೊಂಡು, 'ಬೆರಳು ತೋರಸ್ರಿ, ಎಣಿಸ್ತೇನಿ' ಎಂದೆ. ಮುಂದೆ ಬರೀ ಮಂಜು. ಅವಳು ಬೆರಳು ತೋರಿಸಿದಳೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.