ಜೈಲಿನ ಗೋಡೆಗೊಂದು ಅರ್ಜಿ

ಜೈಲಿನಿಂದ ಬಿಡಿಸಿ ಎಂದು ಅರ್ಜಿ ಬರೆಯುವವರನ್ನು ನೀವು ಕಂಡಿರುತ್ತೀರಿ. ಜೈಲನ್ನೇ ಉಳಿಸಿಕೊಡಿ ಎಂದು ಬರೆದವನನ್ನು ಕಂಡಿದ್ದೀರಾ? ಇಲ್ಲದಿದ್ದರೆ ನಮಸ್ಕಾರ. ಆ ಮಹಾನುಭಾವ ನಾನೇ.

ನಮ್ಮೂರಿನ ಹಳೆಯ ಕೋರ್ಟು ಕಚೇರಿ, ಅದಕ್ಕೆ ಅಂಟಿಕೊಂಡ ಜೈಲು, ಎರಡೂ ಖಾಲಿ ಬಿದ್ದಿವೆ. ನ್ಯಾಯವು ರೈಲ್ವೆ ಸ್ಟೇಷನ್ ಹತ್ತಿರದ ಹೊಸ ಕಟ್ಟಡಕ್ಕೆ ಮನೆ ಬದಲಿಸಿದೆ. ಹಳೆಯದನ್ನು ಕೆಡವಿ, ಕಲ್ಲನ್ನು ರಸ್ತೆಗೆ ಹಾಕುತ್ತಾರೆಂದು ಸುದ್ದಿ ಬಂತು. ಮಾರನೆಯ ದಿನವೇ ನೇಕಾರರ ಬೀದಿಯ ನಿಂಗಮ್ಮ ನನ್ನ ಜಗಲಿ ಹತ್ತಿದಳು.

“ಅಣ್ಣಾ, ಜೈಲು ಗೋಡೆ ಬಿದ್ರೆ ನಮ್ಮ ಮಗ್ಗ ನಿಂತಂಗೇ. ಒಂದು ಪೆಟಿಷನ್ ಬರ್ಕೊಡಿ.”

ವಿಷಯ ಇಷ್ಟೇ. ನೂಲು ಮಗ್ಗಕ್ಕೇರುವ ಮುನ್ನ ಹಾಸನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಬಿಸಿಲು ನೇರವಾಗಿ ಬಿದ್ದರೆ ಎಳೆ ಬಿರುಸಾಗಿ ಪಟಪಟನೆ ಹರಿಯುತ್ತದೆ. ದೊಡ್ಡ ಬೀದಿಯನ್ನು ಸೇಲಂ ಬಸ್ಸುಗಳು ಕಸಿದುಕೊಂಡಿವೆ. ಉಳಿದದ್ದು ಜೈಲು ಗೋಡೆಯ ನೆರಳೊಂದೇ.

ಆದರೆ ಘನ ಸರ್ಕಾರಕ್ಕೆ ಗಂಜಿಯ ವಿಷಯ ಬರೆಯುವುದೇ? ಛೆ! ಕಚೇರಿಗೂ ಜೈಲಿಗೂ ಸೇರಿಸಿ ನಾಲ್ಕು ಪುಟ ಚರಿತ್ರೆ ಬರೆದೆ. ಪಾಳೆಯಗಾರರು, ಕುಂಪಣಿ ದೊರೆಗಳು, ನ್ಯಾಯದೇವತೆ, ಯಾರನ್ನೂ ಬಿಡಲಿಲ್ಲ. ಬೀದಿಯವರೆಲ್ಲ ಹೆಬ್ಬೆಟ್ಟು ಒತ್ತಿದರು. (ನನ್ನ ಭಾವಮೈದುನ ಮಾತ್ರ ಒಪ್ಪಲಿಲ್ಲ. ಬಾವುಟ ಹಿಡಿದ ತಪ್ಪಿಗೆ ಅದೇ ಜೈಲಿನಲ್ಲಿ ಹದಿನೈದು ದಿನ ಇದ್ದು ಬಂದವನು. ಅವನ ಚರಿತ್ರೆ ಬೇರೆ.)

ಕಳೆದ ತಿಂಗಳು ಒಂದು ಬೆಳಗ್ಗೆ ನಮ್ಮ ಜಿಲ್ಲಾ ಕೇಂದ್ರವಾದ ಸೇಲಂನಿಂದ ಅರ್ಜಿಯ ವಿಚಾರಣೆಗೆ ಆಫೀಸರು ಮೋಟಾರಿನಲ್ಲಿ ಬಂದಿಳಿದರು. ಮಂಗಳೂರು ಕಡೆಯವರು, ಅಚ್ಚುಕಟ್ಟಾದ ಕನ್ನಡ. ಮರ್ಯಾದೆಯಲ್ಲಿ ನಮ್ಮವರು ಯಾರಿಗೆ ಕಡಿಮೆ? ದೊಡ್ಡವರ ದಾರಿಗೆ ಹಾಸು ಅಡ್ಡ ಬರಬಾರದೆಂದು ಅಂದು ಒಂದು ಎಳೆಯನ್ನೂ ಎಳೆಯದೆ, ಗೂಟಗಳನ್ನು ಕಿತ್ತು, ಗುಡಿಸಿ, ರಂಗೋಲಿ ಬಿಟ್ಟಿದ್ದರು!

ಆಫೀಸರು ಗೋಡೆಯುದ್ದಕ್ಕೂ ಕಣ್ಣಾಡಿಸಿದರು. “ಈ ಜಾಗ ಯಾರ ಉಪಯೋಗಕ್ಕೂ ಇದ್ದಂತೆ ಕಾಣುವುದಿಲ್ಲವಲ್ಲ?”

ನಾನು ಪಾಳೆಯಗಾರರಿಂದ ಶುರು ಮಾಡಿದೆ. ಅವರು ಆಕಳಿಸಿ, ಕಚೇರಿ ನೋಡಲು ಒಳಗೆ ಹೋದರು.

ನಿಂಗಮ್ಮನ ಮುಖ ಕೆಂಪಾಯಿತು. “ಲೇ, ಏನ್ ನೋಡ್ತಾ ನಿಂತಿದ್ದೀರ್ಲಾ? ಗೂಟ ಒಡ್ದು ಆಸು ಎಳೀರಿ! ಮರ್ವಾದಿ ಉಳ್ಸ್ಕಂಡು ಗೋಡೆ ಕಳ್ಕೊಳ್ಳಾದಾ?”

ಆಫೀಸರು ಹೊರಬರುವ ಹೊತ್ತಿಗೆ ಅವರಿಗೂ ಅವರ ಮೋಟಾರಿಗೂ ನಡುವೆ ಗಂಜಿ ತೊಟ್ಟಿಕ್ಕುವ ಹಾಸು ಮಲಗಿತ್ತು.

“ಸಾಮಿ, ಅಸಿ ಆಸು ದಾಟ್ಬಾರ್ದು. ಕೊಂಜ ಒತ್ತು ನಿಲ್ಲಿ,” ಎಂದಳು ನಿಂಗಮ್ಮ.

“ಎಷ್ಟು ಹೊತ್ತು?”

“ಒಣಗೋಗಂಟ.”

“ಬಿಸಿಲಿನಲ್ಲಿ ಕಟ್ಟಿದ್ದರೆ ಬೇಗ ಒಣಗುತ್ತಿತ್ತಲ್ಲಮ್ಮ?”

“ಬೇಗ ಒಣಗಿ ಅರ್ದೋಯ್ತದೆ ಸಾಮಿ. ಅದ್ಕೇ ಗೋಡೆ ನೆಳ್ಳು ಬೇಕು ಅಂತ ಈ ಅಣ್ಣ ಬರ್ದವ್ರಲ್ಲ. ನೀವು ಓದಿಲ್ವಾ?”

ಆಫೀಸರು ನನ್ನ ಅರ್ಜಿಯ ನಾಲ್ಕೂ ಪುಟಗಳನ್ನು ತಿರುವಿದರು. ನೆರಳೆಂಬ ಪದ ಎಲ್ಲಿಯೂ ಇರಲಿಲ್ಲ. ಅವರು ನನ್ನತ್ತ ನೋಡಿದರು. ನಾನು ಗೋಡೆಯತ್ತ ನೋಡಿದೆ. ಆಮೇಲೆ ಅವರು ನಿಂಗಮ್ಮ ಕೊಟ್ಟ ಮುಕ್ಕಾಲಿಯ ಮೇಲೆ, ಅದೇ ನೆರಳಲ್ಲಿ, ಹಾಸು ಒಣಗುವವರೆಗೂ ಕುಳಿತರು. ಕುಂಚದ ಕೆಲಸವನ್ನು ಕೇಳಿ ಕೇಳಿ ತಿಳಿದುಕೊಂಡರು. ಪಾಳೆಯಗಾರರ ಬಗ್ಗೆ ಒಂದೂ ಪ್ರಶ್ನೆಯಿಲ್ಲ.

ನಿನ್ನೆ ಆರ್ಡರು ಬಂತು. (ತಿಂಗಳೊಳಗೆ ಸರ್ಕಾರದ ಉತ್ತರ! ಇದೂ ಚರಿತ್ರೆಯೇ.) ನೇಕಾರರ ಉಪಯೋಗಕ್ಕಾಗಿ ಜೈಲನ್ನು ಗೋಡೆ ಸಮೇತ ಉಳಿಸತಕ್ಕದ್ದು. ಅರ್ಜಿಯಲ್ಲಿ ಚಾರಿತ್ರಿಕವೆಂದು ಮಾತ್ರ ವರ್ಣಿತವಾದ ಕಚೇರಿಯನ್ನು ಕೆಡವತಕ್ಕದ್ದು.

ಹೊಸ ಅರ್ಜಿ ಬರೆಯಲು ಕೂರುವ ಮುನ್ನ, ಕಚೇರಿಯ ಪಡಸಾಲೆಯಲ್ಲಿ ಒಂದು ಹಾಸು ಹಿಡಿಸೀತೇ ಎಂದು ಇಂದು ಬೆಳಗ್ಗೆ ನಾನೇ ಹೆಜ್ಜೆ ಹಾಕಿ ಅಳೆದು ಬಂದೆ.